ಒಂದೇ ಮಾದರಿಯ ಕಾರು, 25 ಸೆಕೆಂಡ್ ವ್ಯತ್ಯಾಸ: ಸ್ಪೋರ್ಟ್ಸ್ ಕಾರುಗಳನ್ನು ನ್ಯಾಯವಾಗಿ ಹೋಲಿಸುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. 2008ರಲ್ಲಿ ನಡೆದ ಒಂದು ಜಗಳದಿಂದ ಶುರು ಮಾಡೋಣ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಾರ್ಡ್‌ಶ್ಲೈಫೆ ಅಂತ ಒಂದು ಉದ್ದದ ಟ್ರ್ಯಾಕ್ ಇದೆ. ನಿಸ್ಸಾನ್ ಕಂಪನಿ ತನ್ನ ಹೊಸ ಜಿಟಿ-ಆರ್ ಅಲ್ಲಿ 7 ನಿಮಿಷ 29 ಸೆಕೆಂಡಿಗೆ ಸುತ್ತು ಮುಗಿಸಿತು ಎಂದು ಪ್ರಕಟಿಸಿತು. ಓಡಿಸಿದವರು ತೋಶಿಯೊ ಸುಜುಕಿ. ಪೋರ್ಷೆಯವರು ಇದನ್ನು ನಂಬಲಿಲ್ಲ. ತಾವೇ ಒಂದು ಜಿಟಿ-ಆರ್ ಕೊಂಡು ತಂದು, ತಮ್ಮ ಚಾಲಕನನ್ನು ಕೂರಿಸಿ ಓಡಿಸಿದರು. ಬಂದದ್ದು 7 ನಿಮಿಷ 54 ಸೆಕೆಂಡ್. ತಮ್ಮದೇ 911 ಟರ್ಬೊ 7:38ಕ್ಕೆ ಬಂತು ಎಂದರು. ನಿಸ್ಸಾನ್ ಒಪ್ಪಲಿಲ್ಲ.

ಒಂದೇ ಮಾದರಿಯ ಕಾರಿಗೆ ಇಪ್ಪತ್ತೈದು ಸೆಕೆಂಡ್ ವ್ಯತ್ಯಾಸ. ಯಾರು ಸರಿ ಎನ್ನುವ ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ಆ ಇಪ್ಪತ್ತೈದು ಸೆಕೆಂಡು ಎಲ್ಲೆಲ್ಲಿ ಅಡಗಿ ಕೂತಿರಬಹುದು ಅನ್ನುವುದೇ ಇವತ್ತಿನ ವಿಷಯ. ಟೈರಿನಲ್ಲಿ ಒಂದಷ್ಟು, ಚಾಲಕನಲ್ಲಿ ಒಂದಷ್ಟು, ಹವೆಯಲ್ಲಿ, ಗಡಿಯಾರ ಶುರುವಾದ ಜಾಗದಲ್ಲಿ ಹೀಗೆ. ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಒಂದೇ ದಂಡೆ ಉದ್ದ ಕೈಯವರ ಬಳಿ ನಾಲ್ಕು ಮೊಳ ಆದರೆ, ಗಿಡ್ಡ ಕೈಯವರ ಬಳಿ ನಾಲ್ಕೂವರೆ ಆಗುತ್ತದೆ. ಕಾರುಗಳ ಅಂಕಿಗಳನ್ನು ಓದುವಾಗಲೂ ಮೊದಲು ಅಳೆದ ಕೈ ಯಾರದು ಎಂದು ಕೇಳಬೇಕು.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ನಮ್ಮಲ್ಲಿ ಹೊಸ ಗಾಡಿ ನೋಡಿದವರೆಲ್ಲ "ಪಿಕಪ್ ಹೆಂಗಿದೆ?" ಅಂತ ಕೇಳುತ್ತಾರೆ. ಆ ಒಂದು ಮಾತಿನೊಳಗೆ ಮೂರು ಬೇರೆ ಸಂಗತಿಗಳಿವೆ: ನಿಂತಲ್ಲಿಂದ ಎಷ್ಟು ಬೇಗ ಹೊರಡುತ್ತದೆ, ಓಡುವಾಗ ಕಾಲೊತ್ತಿದರೆ ಎಷ್ಟು ಬೇಗ ಏರುತ್ತದೆ, ಆ ಏರಿಕೆ ಗಂಟೆಗೆ 200 ಕಿ.ಮೀ. ಆಚೆಗೂ ಉಳಿಯುತ್ತದೆಯೇ. ಮೂರಕ್ಕೂ ಮೂರು ಬೇರೆ ಕಾರು ಗೆಲ್ಲಬಹುದು. ಯಾವುದನ್ನು ಅಳೆಯುತ್ತಿದ್ದೇವೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಅಳೆದ ಮೇಲೆ ಪ್ರಶ್ನೆ ಬದಲಿಸಿದರೆ ನಮಗೆ ಇಷ್ಟವಾದ ಕಾರೇ ಗೆಲ್ಲುತ್ತದೆ.

ಆ ಒಂದು ಅಡಿ

ಎಲ್ಲರಿಗೂ ಪರಿಚಯದ ಅಂಕಿ ಸೊನ್ನೆಯಿಂದ ನೂರು, ಅಂದರೆ ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸಮಯ. ಇದರಲ್ಲೇ ಅತಿ ದೊಡ್ಡ ಗೊಂದಲ ಇರುವುದು. ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ, ಅಂದರೆ ನೇರ ಓಟದ ಸ್ಪರ್ಧೆಯ ಟ್ರ್ಯಾಕುಗಳಲ್ಲಿ, ಕಾರಿನ ಮುಂದಿನ ಚಕ್ರ ಒಂದು ಬೆಳಕಿನ ಕಿರಣಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಕಾರು ಹೊರಟು, ಟೈರು ಆ ಕಿರಣವನ್ನು ದಾಟಿದ ಮೇಲೆ ಗಡಿಯಾರ ಓಡತೊಡಗುತ್ತದೆ. ಅಷ್ಟರಲ್ಲಿ ಕಾರು ಸುಮಾರು ಒಂದು ಅಡಿ ಮುಂದೆ ಹೋಗಿರುತ್ತದೆ. ಇದಕ್ಕೆ ರೋಲ್‌ಔಟ್ ಎನ್ನುತ್ತಾರೆ. ಅಮೆರಿಕದ ದೊಡ್ಡ ಪತ್ರಿಕೆಗಳು ಈ ರೂಢಿಯನ್ನೇ 0-60 ಮೈಲಿ ಪರೀಕ್ಷೆಗೂ ಇಟ್ಟುಕೊಂಡಿವೆ. ಜಿಪಿಎಸ್‌ನಲ್ಲಿ ಅಳೆದರೂ ಮೊದಲ ಅಡಿಯ ಸಮಯವನ್ನು ಕಳೆದು ಬರೆಯುತ್ತವೆ.

ಒಂದು ಅಡಿ ಎಂದರೆ 0.3048 ಮೀಟರ್. ಅಷ್ಟು ಚಿಕ್ಕದಕ್ಕೆ ಏನಾಗುತ್ತದೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹೊರಡುವಾಗ ಕಾರಿನ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 10 ಮೀಟರ್ ಇದ್ದರೆ, ಅಂದರೆ ಹೆಚ್ಚುಕಡಿಮೆ 1 ಜಿ ಇದ್ದರೆ, ಆ ಒಂದಡಿಗೆ 0.25 ಸೆಕೆಂಡ್ ಬೇಕು. ಅದರ ಕೊನೆಗೆ ಕಾರು ಆಗಲೇ ಗಂಟೆಗೆ 9 ಕಿ.ಮೀ. ವೇಗದಲ್ಲಿರುತ್ತದೆ. 6 ಮೀಟರ್ ವೇಗೋತ್ಕರ್ಷದ ಕಾರಿಗೆ 0.32 ಸೆಕೆಂಡ್. ನಾಲ್ಕು ಸೆಕೆಂಡಿನ ಕಾರಿನಲ್ಲಿ ಕಾಲು ಸೆಕೆಂಡ್ ಎಂದರೆ ಶೇ. 6. ಎರಡು ಸೆಕೆಂಡಿನ ಎಲೆಕ್ಟ್ರಿಕ್ ಕಾರಿನಲ್ಲಿ ಶೇ. 10ಕ್ಕೂ ಮೇಲೆ. ಇಂಥ ಕಾರುಗಳಿಗೆ "ಎರಡು ಸೆಕೆಂಡಿನ ಒಳಗೆ" ಎನ್ನುವ ಜಾಹೀರಾತು ಸಿಗುವುದು ಸಾಮಾನ್ಯವಾಗಿ ಈ ಕಳೆದ ಒಂದಡಿಯಿಂದಲೇ. ರೋಲ್‌ಔಟ್ ಕಳೆಯುವುದು ಮೋಸ ಎಂದು ನಾನು ಹೇಳುವುದಿಲ್ಲ. ಕಳೆದದ್ದನ್ನೂ ಕಳೆಯದ್ದನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದಾಗ ಮೋಸ ಆಗುತ್ತದೆ.

ಇನ್ನೊಂದು ಸಣ್ಣ ಅಂತರ: ಗಂಟೆಗೆ 60 ಮೈಲಿ ಎಂದರೆ 96.6 ಕಿ.ಮೀ., ನೂರಲ್ಲ. ಉಳಿದ 3.4 ಕಿ.ಮೀ. ವೇಗಕ್ಕೆ ಚುರುಕಾದ ಕಾರಿಗೆ 0.15 ಸೆಕೆಂಡ್, ಸಾಧಾರಣ ಕಾರಿಗೆ 0.25 ಸೆಕೆಂಡ್ ಬೇಕು. ಎರಡನೇ ಗೇರು 98ಕ್ಕೆ ಮುಗಿದುಹೋಗುವ ಮ್ಯಾನ್ಯುಯಲ್ ಕಾರಾದರೆ, ಆ ಮಧ್ಯೆ ಒಂದು ಗೇರು ಬದಲಾವಣೆ ಬಂದು ಇನ್ನೂ 0.3 ಸೆಕೆಂಡ್ ಸೇರುತ್ತದೆ. ರೋಲ್‌ಔಟ್ ಕಳೆದ 0-60 ಮೈಲಿಯನ್ನು ರೋಲ್‌ಔಟ್ ಕಳೆಯದ 0-100 ಕಿ.ಮೀ. ಪಕ್ಕದಲ್ಲಿಟ್ಟರೆ ಅರ್ಧ ಸೆಕೆಂಡಿನಷ್ಟು, ಗೇರು ಬದಲಾವಣೆ ಬಂದರೆ ಇನ್ನೂ ಹೆಚ್ಚು ಸುಳ್ಳು ವ್ಯತ್ಯಾಸ ಹುಟ್ಟುತ್ತದೆ. ಕಾರುಗಳ ಹೆಸರಿನಲ್ಲಿ ನಡೆಯುವ ಎಷ್ಟೋ ವಾದಗಳು ಇದಕ್ಕಿಂತ ಕಡಿಮೆ ಅಂತರಕ್ಕಾಗಿ ನಡೆಯುತ್ತವೆ.

ರಸ್ತೆಯ ಮೇಲ್ಮೈ ಕೂಡ ಅಷ್ಟೇ ಮುಖ್ಯ. ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ ಹೊರಡುವ ಜಾಗಕ್ಕೆ ಅಂಟಿನಂಥ ದ್ರಾವಣ ಸಿಂಪಡಿಸಿರುತ್ತಾರೆ. ನಡೆದರೆ ಚಪ್ಪಲಿ ಹಿಡಿದುಕೊಳ್ಳುತ್ತದೆ. 2021ರಲ್ಲಿ ಮೋಟರ್‌ಟ್ರೆಂಡ್ ಪತ್ರಿಕೆ ಟೆಸ್ಲಾ ಮಾಡೆಲ್ ಎಸ್ ಪ್ಲೇಯ್ಡ್ ಅನ್ನು ಅಂಥ ಮೇಲ್ಮೈಯಲ್ಲಿ ಅಳೆದಾಗ 1.98 ಸೆಕೆಂಡ್, ಸಾಧಾರಣ ಡಾಂಬರಿನಲ್ಲಿ 2.07 ಸೆಕೆಂಡ್ ಬಂತು. ಎರಡರಲ್ಲೂ ಒಂದಡಿ ಕಳೆದಿತ್ತು. ಪತ್ರಿಕೆ ಎರಡನ್ನೂ ತಿಳಿಸಿತು, ಅದು ಒಳ್ಳೆಯ ಪದ್ಧತಿ. ಜನರ ಬಾಯಲ್ಲಿ ಉಳಿದದ್ದು ಮಾತ್ರ 1.98.

ಇನ್ನು ಇಳಿಜಾರು. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅದು ಕಾರಿಗೆ ಸುಮಾರು 0.1 ಮೀಟರ್ ವೇಗೋತ್ಕರ್ಷವನ್ನು ಪುಕ್ಕಟೆ ಕೊಡುತ್ತದೆ. 0-100ರಲ್ಲಿ ಇದು ಹೆಚ್ಚು ತಿಳಿಯದು. 100ರಿಂದ 200ಕ್ಕೆ ಹತ್ತು ಸೆಕೆಂಡ್ ತೆಗೆದುಕೊಳ್ಳುವ ಕಾರಿನಲ್ಲಿ 0.35 ಸೆಕೆಂಡ್ ಇಳಿಯುತ್ತದೆ. ಗಾಳಿಯೂ ಹಾಗೆಯೇ. 200ರಲ್ಲಿ ಓಡುವ ಕಾರಿಗೆ ಎದುರಿನಿಂದ ಗಂಟೆಗೆ 10 ಕಿ.ಮೀ. ಗಾಳಿ ಬೀಸಿದರೆ ಗಾಳಿಯ ತಡೆ ಶೇ. 10 ಏರುತ್ತದೆ. ಎರಡಕ್ಕೂ ಮದ್ದು ಒಂದೇ: ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಓಡಿಸಿ ಸರಾಸರಿ ತೆಗೆಯಿರಿ.

ಸ್ಪೀಡೋಮೀಟರ್ ವಿಡಿಯೊ ನೋಡಿ ಸಮಯ ಹೇಳುವವರಿಗೆ ಒಂದು ಮಾತು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ನಿಜವಾದ ವೇಗದ ಶೇ. 10 ಮತ್ತು ಅದರ ಮೇಲೆ 4 ಕಿ.ಮೀ. ತನಕ. ಅಂದರೆ ಮುಳ್ಳು 100 ಮುಟ್ಟಿದಾಗ ಕಾರು 94ರಲ್ಲೋ 96ರಲ್ಲೋ ಇರಬಹುದು. ಎಷ್ಟು ಹೆಚ್ಚು ತೋರಿಸಬೇಕು ಎನ್ನುವುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ಇಡುವುದರಿಂದ ಎರಡು ಕಾರಿನ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ಏನನ್ನೂ ಹೇಳಲಾಗದು.

ಕಾಲು ಮೈಲಿಯ ಎರಡು ಅಂಕಿ

ನನ್ನ ಮಟ್ಟಿಗೆ 0-100ಕ್ಕಿಂತ ಕಾಲು ಮೈಲಿ, ಅಂದರೆ 402 ಮೀಟರಿನ ಓಟ ಹೆಚ್ಚು ಪ್ರಾಮಾಣಿಕ ಪರೀಕ್ಷೆ. ಅದು ಎರಡು ಅಂಕಿ ಕೊಡುತ್ತದೆ: ಹಿಡಿದ ಸಮಯ, ಮತ್ತು ಕೊನೆಯ ಗೆರೆ ದಾಟುವಾಗಿನ ವೇಗ. ಈ ಎರಡನೆಯದಕ್ಕೆ ಟ್ರ್ಯಾಪ್ ಸ್ಪೀಡ್ ಎನ್ನುತ್ತಾರೆ. ಸಮಯ ಹೆಚ್ಚಾಗಿ ಹಿಡಿತವನ್ನು ಹೇಳುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರು, ಒಳ್ಳೆಯ ಲಾಂಚ್ ಕಂಟ್ರೋಲ್ (ಹೊರಡುವಾಗ ಚಕ್ರ ಜಾರದಂತೆ ಶಕ್ತಿಯನ್ನು ಹದಕ್ಕೆ ತರುವ ಕಂಪ್ಯೂಟರ್ ವ್ಯವಸ್ಥೆ) ಇರುವ ಕಾರು ಇಲ್ಲಿ ಮುಂದಿರುತ್ತದೆ. ಟ್ರ್ಯಾಪ್ ಸ್ಪೀಡ್ ಶಕ್ತಿ ಮತ್ತು ತೂಕದ ಅನುಪಾತವನ್ನು ಹೇಳುತ್ತದೆ. ಹೊರಡುವಾಗ ಚಕ್ರ ಸ್ವಲ್ಪ ಜಾರಿ ಅರ್ಧ ಸೆಕೆಂಡ್ ಹೋದರೂ ಟ್ರ್ಯಾಪ್ ಸ್ಪೀಡ್ ಅಷ್ಟಾಗಿ ಬದಲಾಗದು.

ಡ್ರ್ಯಾಗ್ ರೇಸಿನವರು ಬಳಸುವ ಹಳೆಯ ಸೂತ್ರವೊಂದಿದೆ. ನಮ್ಮ ಅಳತೆಗೆ ತಂದರೆ ಹೀಗೆ: ಅಶ್ವಶಕ್ತಿಯನ್ನು ಚಾಲಕನೂ ಸೇರಿದ ಕಿಲೋ ತೂಕದಿಂದ ಭಾಗಿಸಿ, ಘನಮೂಲ ತೆಗೆದು, 289ರಿಂದ ಗುಣಿಸಿ. ಸಿಕ್ಕಿದ್ದು ಕಿ.ಮೀ. ಲೆಕ್ಕದ ಟ್ರ್ಯಾಪ್ ಸ್ಪೀಡ್. 1600 ಕಿಲೋ, 400 ಅಶ್ವಶಕ್ತಿಯ ಕಾರಿಗೆ 182 ಬರುತ್ತದೆ. ಗೇರ್‌ಬಾಕ್ಸ್, ಗಾಳಿಯ ತಡೆಗಳಿಂದ ಎರಡು ಮೂರು ಕಿ.ಮೀ. ಆಚೀಚೆ ಆಗಬಹುದು. ಆದರೆ ಒಬ್ಬರು 400 ಅಶ್ವಶಕ್ತಿ ಎಂದು ಹೇಳಿಕೊಂಡ 1600 ಕಿಲೋ ಕಾರು ಸಮುದ್ರ ಮಟ್ಟದಲ್ಲಿ 172ಕ್ಕೆ ಗೆರೆ ದಾಟಿದರೆ, ಆ 400ರ ಬಗ್ಗೆ ಅನುಮಾನ ಪಡಲು ಕಾರಣ ಇದೆ.

ಓಡುತ್ತಿರುವಾಗಿನ ಎಳೆತ ತಿಳಿಯಲು ಅಮೆರಿಕದ ಕಾರ್ ಅಂಡ್ ಡ್ರೈವರ್ ಪತ್ರಿಕೆ 5ರಿಂದ 60 ಮೈಲಿ ಪರೀಕ್ಷೆ ಮಾಡುತ್ತದೆ. ಲಾಂಚ್ ಕಂಟ್ರೋಲ್ ಇಲ್ಲ, ಎಂಜಿನ್ ರೇಸ್ ಮಾಡಿ ಕ್ಲಚ್ ಬಿಡುವುದಿಲ್ಲ. ಸುಮ್ಮನೆ ನಿಧಾನ ಹೋಗುತ್ತಿರುವಾಗ ಪೂರ್ತಿ ಕಾಲೊತ್ತುವುದು. ಕೆಲವು ಟರ್ಬೊ ಕಾರುಗಳಲ್ಲಿ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರುಗಳಲ್ಲಿ, ಇದು 0-60ಕ್ಕಿಂತ ಒಂದು ಸೆಕೆಂಡ್ ಹೆಚ್ಚು ಹಿಡಿಯುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುವವರಿಗೆ ಈ ಅಂಕಿಯೇ ನಿಜವಾದ ಅನುಭವಕ್ಕೆ ಹತ್ತಿರ.

ಕಾಗದದ ಮೇಲಿನ ಶಕ್ತಿ, ಕಾಗದದ ಮೇಲಿನ ತೂಕ

ಅಶ್ವಶಕ್ತಿಯಲ್ಲೇ ಎರಡು ಅಳತೆ ಇವೆ. ಯುರೋಪಿನ ಪಿಎಸ್ 735.5 ವ್ಯಾಟ್. ಇಂಗ್ಲಿಷರ ಎಚ್‌ಪಿ 745.7 ವ್ಯಾಟ್. 500 ಪಿಎಸ್ ಎಂದರೆ 493 ಎಚ್‌ಪಿ. ಅಂತರ ಸಣ್ಣದು, ಕಿಲೋವ್ಯಾಟಿಗೆ ತಂದುಕೊಂಡರೆ ಮುಗಿಯಿತು. ದೊಡ್ಡ ತೊಡಕು ಬೇರೆ. ಜಪಾನಿನ ಕಂಪನಿಗಳು 1989ರಿಂದ 2004ರವರೆಗೆ ತಮ್ಮೊಳಗೆ ಮಾಡಿಕೊಂಡ ಒಪ್ಪಂದದಂತೆ ದೇಶದೊಳಗೆ ಮಾರುವ ಕಾರುಗಳಿಗೆ 280 ಪಿಎಸ್‌ಗಿಂತ ಹೆಚ್ಚು ಬರೆಯುತ್ತಿರಲಿಲ್ಲ. ಆ ಕಾಲದ ಸ್ಕೈಲೈನ್ ಜಿಟಿ-ಆರ್‌ನಂಥ ಕಾರುಗಳು ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತಿದ್ದವು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಗ್ರಾಸ್ ಅಶ್ವಶಕ್ತಿ ಬರೆಯುತ್ತಿದ್ದರು. ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಬಿಚ್ಚಿಟ್ಟು ಅಳೆದ ಶಕ್ತಿ ಅದು. ಅದನ್ನು ಇವೆಲ್ಲ ಜೋಡಿಸಿ ಅಳೆಯುವ ಇಂದಿನ ನೆಟ್ ಅಂಕಿಯ ಪಕ್ಕ ಇಡಬಾರದು.

ತೂಕಕ್ಕೆ ಮೂರು ಲೆಕ್ಕ. ಜರ್ಮನಿಯ ಡಿಐಎನ್ ಪದ್ಧತಿಯಲ್ಲಿ ಟ್ಯಾಂಕಿನಲ್ಲಿ ಶೇ. 90 ಇಂಧನ ಇರುತ್ತದೆ, ಚಾಲಕ ಇರುವುದಿಲ್ಲ. ಯುರೋಪ್ ಒಕ್ಕೂಟದ ಪದ್ಧತಿಯಲ್ಲಿ ಅದರ ಮೇಲೆ 75 ಕಿಲೋ ಸೇರಿಸುತ್ತಾರೆ. ಇಟಲಿಯ ಕಂಪನಿಗಳು ಡ್ರೈ ವೇಟ್ ಬರೆಯುವುದು ಹೆಚ್ಚು. ಅದರಲ್ಲಿ ಪೆಟ್ರೋಲೂ ಇಲ್ಲ, ಉಳಿದ ದ್ರವಗಳೂ ಇಲ್ಲ. ಕೆಲವೊಮ್ಮೆ ಹಣ ಕೊಟ್ಟು ಹಾಕಿಸಿಕೊಳ್ಳುವ ಹಗುರ ಸೀಟು, ಕಾರ್ಬನ್ ಬಿಡಿಭಾಗಗಳ ಲೆಕ್ಕ ಮಾತ್ರ ಸೇರಿರುತ್ತದೆ. 60 ಲೀಟರ್ ಪೆಟ್ರೋಲೇ ಸುಮಾರು 44 ಕಿಲೋ. ಹಾಗಾಗಿ ಪುಸ್ತಿಕೆಯ ತೂಕವನ್ನು ಬದಿಗಿಟ್ಟು, ಕಾರನ್ನು ತೂಗಿಸಿ. ಲಾರಿ ತೂಗುವ ವೇ ಬ್ರಿಡ್ಜ್ 5 ಅಥವಾ 10 ಕಿಲೋ ಮೆಟ್ಟಿಲಿನಲ್ಲಿ ತೋರಿಸಿದರೂ ಸಾಕು, ಪುಸ್ತಿಕೆಗಿಂತ ಎಷ್ಟೋ ಮೇಲು.

ಬೆಂಗಳೂರಿನ ಗಾಳಿ, ಚೆನ್ನೈನ ಗಾಳಿ

ಇದು ನಮಗೆ ನೇರವಾಗಿ ಸಂಬಂಧಪಟ್ಟದ್ದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ 908 ಹೆಕ್ಟೊಪ್ಯಾಸ್ಕಲ್ ಆಸುಪಾಸು, ಚೆನ್ನೈಯಲ್ಲಿ 1010ರ ಸುತ್ತ. ಉಷ್ಣತೆ ಒಂದೇ ಇದ್ದರೆ ಇಲ್ಲಿನ ಗಾಳಿ ಶೇ. 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ, ಶಕ್ತಿಯೂ ಶೇ. 10ಕ್ಕೆ ಸ್ವಲ್ಪ ಮೇಲೆಯೇ ಇಳಿಯುತ್ತದೆ. ಟರ್ಬೊ ಕಾರಿನಲ್ಲಿ ಕಂಪ್ಯೂಟರ್ ಬೂಸ್ಟ್ ಒತ್ತಡವನ್ನು ಹೆಚ್ಚಿಸಿ ಬಹುಪಾಲು ನಷ್ಟ ತುಂಬಿಕೊಳ್ಳುತ್ತದೆ. ಟರ್ಬೊ ಸ್ವಲ್ಪ ಹೆಚ್ಚು ಜೋರಾಗಿ ತಿರುಗಬೇಕಾಗುತ್ತದೆ, ಗಾಳಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಅಷ್ಟೇ. ಎಲೆಕ್ಟ್ರಿಕ್ ಕಾರಿಗೆ ಏನೂ ಆಗುವುದಿಲ್ಲ, ಬದಲಿಗೆ ಗಾಳಿಯ ತಡೆ ಶೇ. 10 ಕಡಿಮೆಯಾಗಿ ವೇಗದಲ್ಲಿ ಲಾಭವೇ ಆಗುತ್ತದೆ.

ಆದ್ದರಿಂದ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರ್ ಕಾರನ್ನು ಟರ್ಬೊ ಕಾರಿನ ಪಕ್ಕ ಓಡಿಸಿ, ಟರ್ಬೊ ಗೆದ್ದಿತು ಎಂದು ಬರೆದರೆ ಅದು ಬೆಂಗಳೂರಿಗೆ ನಿಜ. ಮಂಗಳೂರಿಗೆ ನಿಜವಾಗಬೇಕಿಲ್ಲ. ಫಲಿತಾಂಶದ ಜೊತೆ ಊರಿನ ಎತ್ತರ, ವಾಯುಭಾರ, ಉಷ್ಣತೆ ಬರೆಯಲೇಬೇಕು.

ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೊ ಯಂತ್ರದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಎಸ್‌ಎಇ ಜೆ1349 ಪದ್ಧತಿಯಲ್ಲಿ 25 ಡಿಗ್ರಿ ಉಷ್ಣತೆ, 990 ಹೆಕ್ಟೊಪ್ಯಾಸ್ಕಲ್ ಒಣಗಾಳಿಯ ಒತ್ತಡವನ್ನು ಮಾನಕವಾಗಿಟ್ಟು, ಅಳೆದ ಶಕ್ತಿಯನ್ನು ಒಂದು ಗುಣಕದಿಂದ ತಿದ್ದುತ್ತಾರೆ. ಬೆಂಗಳೂರಿನಲ್ಲಿ 28 ಡಿಗ್ರಿ ದಿನ ಆ ಗುಣಕ ಸುಮಾರು 1.14 ಆಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ಹೆಚ್ಚುಕಡಿಮೆ ಸರಿ. ಟರ್ಬೊ ಕಾರಿನ ಕಂಪ್ಯೂಟರ್ ಎತ್ತರದ ನಷ್ಟವನ್ನು ಆಗಲೇ ತುಂಬಿರುತ್ತದೆ. ಅದರ ಮೇಲೆ ಮತ್ತೆ 1.14ರಿಂದ ಗುಣಿಸಿದರೆ ಚಕ್ರದಲ್ಲಿ 300 ಬಂದದ್ದು ಹಾಳೆಯಲ್ಲಿ 342 ಎಂದು ಅಚ್ಚಾಗುತ್ತದೆ. ಟ್ಯೂನಿಂಗ್ ಮಾಡಿಸಿಕೊಂಡವರು ಡೈನೊ ಹಾಳೆಯನ್ನು ಕೈಗೆ ತೆಗೆದುಕೊಂಡಾಗ ಮೊದಲು ಆ ಗುಣಕ ಎಲ್ಲಿದೆ ನೋಡಿ, ತಿದ್ದದ ಅಂಕಿಯನ್ನೂ ಕೇಳಿ ಪಡೆಯಿರಿ. ಹಾಗೆಯೇ ಒಂದು ಡೈನೊದ ಅಂಕಿಯನ್ನು ಬೇರೆ ತಯಾರಿಕೆಯ ಡೈನೊ ಅಂಕಿಯ ಜೊತೆ ಹೋಲಿಸಬೇಡಿ. ಬರೀ ರೋಲರ್ ಭಾರದ ಮೇಲೆ ಲೆಕ್ಕ ಹಾಕುವ ಯಂತ್ರಕ್ಕೂ, ಬ್ರೇಕಿನ ಹೊರೆ ಹಾಕಿ ಅಳೆಯುವ ಯಂತ್ರಕ್ಕೂ ಒಂದೇ ಕಾರಿನಲ್ಲಿ ಹತ್ತಾರು ಅಶ್ವಶಕ್ತಿ ಅಂತರ ಬರುತ್ತದೆ. ಅದೇ ಯಂತ್ರ, ಅದೇ ಗೇರು, ಅದೇ ಟೈರಿನ ಗಾಳಿ, ಅದೇ ದಿನ ಇದ್ದರೆ ಮಾತ್ರ ಹೋಲಿಕೆ.

ಪೆಟ್ರೋಲನ್ನೂ ಮರೆಯಬಾರದು. 98 ಆಕ್ಟೇನಿಗೆ ಹೊಂದಿಸಿದ ಎಂಜಿನ್ನಿಗೆ 91ರದ್ದು ಹಾಕಿದರೆ ಇಂಧನ ಅಕಾಲದಲ್ಲಿ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಶಕ್ತಿ ಇಳಿಯುತ್ತದೆ. ಎರಡೂ ಕಾರಿಗೆ ಒಂದೇ ಬಂಕಿನಲ್ಲಿ, ಒಂದೇ ಪಂಪಿನಿಂದ ಹಾಕಿಸಿ. ಹಾಕಿಸಿದ ಕೂಡಲೇ ಅಳೆಯಬೇಡಿ. ಕಂಪ್ಯೂಟರ್ ಹೊಸ ಇಂಧನಕ್ಕೆ ಹೊಂದಿಕೊಳ್ಳಲು 50 ಕಿ.ಮೀ.ನಷ್ಟಾದರೂ ಓಡಿಸಿ. ಅಮೆರಿಕದ ಬಂಕಿನ ಮೇಲೆ ಬರೆದ 91 ನಮ್ಮ 91 ಅಲ್ಲ ಎನ್ನುವುದೂ ಗೊತ್ತಿರಲಿ. ಅವರದು ಎರಡು ವಿಧಾನದ ಸರಾಸರಿ, ನಮ್ಮ ಲೆಕ್ಕದಲ್ಲಿ 95ರ ಹತ್ತಿರ.

ಟೈರು

ಆ ಇಪ್ಪತ್ತೈದು ಸೆಕೆಂಡಿನಲ್ಲಿ ಅತಿ ದೊಡ್ಡ ಪಾಲು ಎಲ್ಲಿ ಇರಬಹುದು ಎಂದು ಕೇಳಿದರೆ, ಯಾವುದೇ ಟ್ರ್ಯಾಕ್ ಸಮಯದಲ್ಲಿ ನಾನು ಮೊದಲು ನೋಡುವುದು ಟೈರು, ಆಮೇಲೆ ಚಾಲಕ. ಕಾರು ವೇಗ ಪಡೆಯುವುದು, ನಿಲ್ಲುವುದು, ತಿರುಗುವುದು ಎಲ್ಲವೂ ನಾಲ್ಕು ಅಂಗೈಯಗಲದ ರಬ್ಬರಿನ ಮೂಲಕ. ಸಾಧಾರಣ ಸ್ಪೋರ್ಟ್ಸ್ ಟೈರಿನಿಂದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಮಾದರಿಯ ಟ್ರ್ಯಾಕ್ ಟೈರಿಗೆ ಹೋದರೆ ಸುತ್ತಿನ ಸಮಯ ಶೇ. 2ರ ಆಚೀಚೆ ಇಳಿಯುವುದು ಸಹಜ. ಎಂಟು ನಿಮಿಷದ ಸುತ್ತಿನಲ್ಲಿ ಅದು ಹತ್ತು ಸೆಕೆಂಡ್.

ಒಂದೇ ಟೈರನ್ನು ಎರಡೂ ಕಾರಿಗೆ ಹಾಕಿದರೆ ನ್ಯಾಯ ಅಲ್ಲವೇ ಎಂದು ಕೇಳುವವರಿದ್ದಾರೆ. ಕಾರಿನ ಸಸ್ಪೆನ್ಶನ್, ಸ್ಟೀರಿಂಗ್, ಎಬಿಎಸ್ ಎಲ್ಲವನ್ನೂ ಕಂಪನಿ ಒಂದು ನಿರ್ದಿಷ್ಟ ಟೈರಿಗೆ ಹೊಂದಿಸಿರುತ್ತದೆ. ಅದನ್ನು ಕಿತ್ತು ಬೇರೆ ಹಾಕಿದರೆ ಒಂದು ಕಾರಿಗೆ ಹೊಂದಿ ಇನ್ನೊಂದಕ್ಕೆ ಹೊಂದದೆ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಶೋರೂಮಿನಿಂದ ಹೊರಬರುವಾಗ ಕಾರಿನಲ್ಲಿ ಇರುವ ಟೈರಿನಲ್ಲೇ ಅಳೆಯಬೇಕು. ಹೆಚ್ಚುವರಿ ಹಣಕ್ಕೆ ಸಿಗುವ ಟ್ರ್ಯಾಕ್ ಟೈರು ಹಾಕಿದ್ದರೆ ಅದನ್ನೂ ಅದರ ಬೆಲೆಯನ್ನೂ ಬರೆಯಬೇಕು. ಟೈರಿನ ಗೋಡೆಯ ಮೇಲಿನ ಟ್ರೆಡ್‌ವೇರ್ (ಎಷ್ಟು ಬೇಗ ಸವೆಯುತ್ತದೆ ಎನ್ನುವ) ಅಂಕಿಯನ್ನು ಮಾತ್ರ ನಂಬಿ ಎರಡು ಬ್ರ್ಯಾಂಡುಗಳನ್ನು ಹೋಲಿಸಬೇಡಿ. ಆ ಅಂಕಿಯನ್ನು ಟೈರು ಮಾಡಿದ ಕಂಪನಿಯೇ ಘೋಷಿಸುವುದು.

ಟೈರಿನ ಗಾಳಿಯಲ್ಲಿ ಆಗುವ ತಪ್ಪು ಇದು. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿ ಟ್ರ್ಯಾಕಿಗೆ ಇಳಿದರೆ, ಒಳಗಿನ ಗಾಳಿ 70 ಡಿಗ್ರಿಗೆ ಏರಿದಾಗ ಅದು 38 ಆಗುತ್ತದೆ. ಹಗುರ ಕಾರಿನಲ್ಲಿ ಟೈರು 55 ಡಿಗ್ರಿಗೇ ನಿಲ್ಲಬಹುದು, ಭಾರದ ಕಾರಿನಲ್ಲಿ 80 ದಾಟಬಹುದು. ತಣ್ಣಗಿರುವಾಗ ಸಮ ಇದ್ದದ್ದು ಬಿಸಿಯಾದಾಗ ಸಮ ಇರುವುದಿಲ್ಲ. ಎರಡು ಸುತ್ತು ಹೊಡೆದು ಬಂದು, ಬಿಸಿ ಟೈರಿನಲ್ಲೇ ಕಂಪನಿ ಹೇಳಿದ ಬಿಸಿ ಒತ್ತಡಕ್ಕೆ ಇಳಿಸಿ. ಅರ್ಧ ಸವೆದ ಟೈರು ಒಣ ಟ್ರ್ಯಾಕಿನಲ್ಲಿ ಹೊಸದಕ್ಕಿಂತ ವೇಗವಾಗಿರುತ್ತದೆ, ಏಕೆಂದರೆ ರಬ್ಬರ್ ಕಟ್ಟೆಗಳು ಗಿಡ್ಡವಾಗಿ ಬಾಗುವುದು ಕಡಿಮೆ. ಹಲವು ಸಲ ಕಾದು ತಣಿದ ಟೈರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಹಾಗಾಗಿ ಟ್ರೆಡ್ ಆಳವನ್ನೂ ಟೈರು ತಯಾರಾದ ವಾರವನ್ನೂ ಬರೆದುಕೊಳ್ಳಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ.

ಬ್ರೇಕಿನ ಬಗ್ಗೆ ಚಿಕ್ಕದಾಗಿ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100ರಿಂದ 34 ಮೀಟರಿಗೆ ನಿಲ್ಲುವ ಕಾರು 102ರಿಂದ 35.4 ಮೀಟರ್ ತೆಗೆದುಕೊಳ್ಳುತ್ತದೆ. ಪೆಡಲ್ ಒತ್ತಿದ ಕ್ಷಣದ ನಿಜವಾದ ವೇಗ ಹಿಡಿದು, 100ನ್ನು ಆ ವೇಗದಿಂದ ಭಾಗಿಸಿ ವರ್ಗ ಮಾಡಿ, ದೂರಕ್ಕೆ ಗುಣಿಸಿ ತಿದ್ದಿಕೊಳ್ಳಬೇಕು. ಒಂದು ಸಲ ನಿಲ್ಲಿಸಿದರೆ ತಿಳಿಯುವುದು ಟೈರು. ಸತತ ಹತ್ತು ಸಲ ನಿಲ್ಲಿಸಿದರೆ ಬ್ರೇಕು ತಿಳಿಯುತ್ತದೆ.

ಸುತ್ತಿನ ಸಮಯ

ನಾರ್ಡ್‌ಶ್ಲೈಫೆಗೆ ಮರಳೋಣ. ಬಹಳ ವರ್ಷ ಕಂಪನಿಗಳು 20.6 ಕಿ.ಮೀ. ಅಳೆಯುತ್ತಿದ್ದವು. ಒಂದು ಪ್ರೇಕ್ಷಕರ ಗ್ಯಾಲರಿಯ ಮುಂದಿನ ಸುಮಾರು 200 ಮೀಟರ್ ಅದರಲ್ಲಿ ಸೇರುತ್ತಿರಲಿಲ್ಲ. 2019ರಿಂದ ಟ್ರ್ಯಾಕಿನ ಆಡಳಿತವೇ ನಿಯಮ ಮಾಡಿ ಪೂರ್ತಿ 20.832 ಕಿ.ಮೀ. ಸುತ್ತನ್ನು ಅಧಿಕೃತ ಮಾಡಿತು. 2021ರಲ್ಲಿ ಪೋರ್ಷೆಯ ಚಾಲಕ ಲಾರ್ಸ್ ಕೆರ್ನ್, ಮಾಂಟೈ ಕಂಪನಿಯ ಟ್ರ್ಯಾಕ್ ಬಿಡಿಭಾಗಗಳ ಕಿಟ್ ಇದ್ದ ಪೋರ್ಷೆ 911 ಜಿಟಿ2 ಆರ್‌ಎಸ್‌ನಲ್ಲಿ ಮಾಡಿದ ಒಂದೇ ಸುತ್ತಿಗೆ ಎರಡು ಸಮಯ ದಾಖಲಾಗಿದೆ: ಪೂರ್ತಿ ಸುತ್ತಿಗೆ 6:43.300, ಹಳೆಯ ಅಳತೆಗೆ 6:38.835. ಅದೇ ಕಾರು, ಅದೇ ಚಾಲಕ, ಅದೇ ಕ್ಷಣ, ನಾಲ್ಕೂವರೆ ಸೆಕೆಂಡ್ ಅಂತರ. ಹಳೆಯ ಪಟ್ಟಿಯ ಕಾರನ್ನು ಹೊಸ ಪಟ್ಟಿಯ ಕಾರಿನ ಜೊತೆ ಹೋಲಿಸುವವರು ಇದನ್ನು ನೋಡಲೇಬೇಕು.

ಕಂಪನಿಯ ಚಾಲಕ ಆ ಕಾರನ್ನು ತಿಂಗಳುಗಟ್ಟಲೆ ಓಡಿಸಿರುತ್ತಾನೆ. ಎದುರಾಳಿ ಕಂಪನಿಯವನು ಎರಡು ದಿನ ಓಡಿಸಿರಬಹುದು. ಅದಕ್ಕೇ ಕಂಪನಿಗಳು ತಾವೇ ಹೇಳುವ ಸಮಯಗಳಿಗಿಂತ, ಒಂದೇ ತಂಡ ಒಂದೇ ಟ್ರ್ಯಾಕಿನಲ್ಲಿ ಹಲವು ಕಾರು ಓಡಿಸಿದ ಪಟ್ಟಿಗೆ ಬೆಲೆ ಹೆಚ್ಚು. ಕಾರ್ ಅಂಡ್ ಡ್ರೈವರ್ 2006ರಿಂದ ವರ್ಜಿನಿಯಾ ಇಂಟರ್‌ನ್ಯಾಷನಲ್ ರೇಸ್‌ವೇಯಲ್ಲಿ ನಡೆಸುವ ಲೈಟ್ನಿಂಗ್ ಲ್ಯಾಪ್ ಅಂಥದ್ದು. ಅಲ್ಲೂ ವರ್ಷದಿಂದ ವರ್ಷಕ್ಕೆ ಬಿಸಿಲು, ಡಾಂಬರು ಬದಲಾಗುತ್ತವೆ. ಒಂದೇ ವರ್ಷದ ಕಾರುಗಳೊಳಗಿನ ಹೋಲಿಕೆ ಗಟ್ಟಿ, ಹತ್ತು ವರ್ಷದ ಅಂತರದ್ದು ಸಡಿಲ.

ಟ್ರ್ಯಾಕಿನ ಆಕಾರವೂ ಒಂದು ಪಕ್ಷ ವಹಿಸುತ್ತದೆ. ಕೊಯಮತ್ತೂರಿನ 2.1 ಕಿ.ಮೀ. ಕರಿ ಸ್ಪೀಡ್‌ವೇಯಲ್ಲಿ ಹಗುರ ಕಾರಿಗೆ ಅನುಕೂಲ. ಗ್ರೇಟರ್ ನೋಯ್ಡಾದ 5.125 ಕಿ.ಮೀ. ಬುದ್ಧ ಸರ್ಕ್ಯೂಟಿನಲ್ಲಿ ಒಂದು ಕಿ.ಮೀ.ಗೂ ಉದ್ದದ ನೇರ ಇರುವುದರಿಂದ ಶಕ್ತಿವಂತ ಕಾರಿಗೆ ಅನುಕೂಲ. ಸುತ್ತನ್ನು ತುಂಡು ಮಾಡಿ ಪ್ರತಿ ತಿರುವಿನ ಕನಿಷ್ಠ ವೇಗ, ಪ್ರತಿ ನೇರದ ಕೊನೆಯ ವೇಗ ಬರೆದರೆ ಒಟ್ಟು ಸಮಯಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ಗರಿಷ್ಠ ವೇಗದ ದಾಖಲೆಗಳಲ್ಲೂ ಇದೇ ಕಥೆ. 2017ರ ನವೆಂಬರಿನಲ್ಲಿ ನೆವಾಡಾದ ಹೆದ್ದಾರಿಯಲ್ಲಿ ಕೋನಿಗ್‌ಸೆಗ್ ಅಗೆರಾ ಆರ್‌ಎಸ್ ಒಂದು ದಿಕ್ಕಿಗೆ ಸುಮಾರು 458, ಮರಳುವಾಗ 436 ಕಿ.ಮೀ. ಮುಟ್ಟಿತು. ದಾಖಲೆಯಾದದ್ದು ಸರಾಸರಿ, 447. ಒಂದೇ ರಸ್ತೆಯ ಎರಡು ದಿಕ್ಕಿಗೆ ಸುಮಾರು 22 ಕಿ.ಮೀ. ವ್ಯತ್ಯಾಸ! 2019ರಲ್ಲಿ ಬುಗಾಟಿ ಶಿರಾನ್ 490 ಮುಟ್ಟಿದ್ದು ಒಂದೇ ದಿಕ್ಕಿನಲ್ಲಿ. ದೊಡ್ಡ ಸಾಧನೆ, ಆದರೆ 447ರ ಪಕ್ಕದಲ್ಲಿ ಇಡುವಂಥ ಅಂಕಿ ಅಲ್ಲ.

ಎರಡು ಕಾರು, ಒಂದು ದಿನ

ನೀವೇ ಎರಡು ಕಾರನ್ನು ಹೋಲಿಸಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈನ 3.7 ಕಿ.ಮೀ. ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ ಬುಕ್ ಮಾಡಿ. ಹಿಂದಿನ ದಿನ ಎರಡಕ್ಕೂ ಒಂದೇ ಬಂಕಿನ ಪೆಟ್ರೋಲ್, ತೂಕ, ಚಕ್ರದ ಅಲೈನ್‌ಮೆಂಟ್ ಹಾಳೆ. ಬೆಳಿಗ್ಗೆ ಟ್ಯಾಂಕು ಅರ್ಧಕ್ಕೆ ಸಮ. ಜಿಪಿಎಸ್ ಲಾಗರ್ ಸೆಕೆಂಡಿಗೆ ಕನಿಷ್ಠ 10 ಸಲ ದಾಖಲಿಸುವಂಥದ್ದು ಇರಲಿ, ಒಂದೇ ಉಪಕರಣವನ್ನು ಎರಡೂ ಕಾರಿಗೆ ಬದಲಾಯಿಸಿ ಹಾಕಿ. ಚಾಲಕ ಒಬ್ಬನೇ.

ಓಡಿಸುವ ಕ್ರಮ ಬಹಳ ಮುಖ್ಯ. ಮೊದಲು ಒಂದು ಕಾರು ಮುಗಿಸಿ, ಮಧ್ಯಾಹ್ನ ಇನ್ನೊಂದು ಓಡಿಸಿದರೆ ಎರಡನೆಯದಕ್ಕೆ 15 ಡಿಗ್ರಿ ಹೆಚ್ಚು ಬಿಸಿಯ ಡಾಂಬರು, ಹೆಚ್ಚು ರಬ್ಬರ್ ಹತ್ತಿದ ಟ್ರ್ಯಾಕು, ಹೆಚ್ಚು ಪಳಗಿದ ಚಾಲಕ ಸಿಗುತ್ತಾನೆ. ಅ, ಆ, ಆ, ಅ ಎನ್ನುವ ಕ್ರಮದಲ್ಲಿ ಓಡಿಸಿ. ಮೊದಲ ಕಾರು, ಎರಡನೆಯದು, ಮತ್ತೆ ಎರಡನೆಯದು, ಕೊನೆಗೆ ಮೊದಲನೆಯದು. ದಿನವಿಡೀ ಒಂದೇ ಸಮ ಏರುವ ಬದಲಾವಣೆ ಹೀಗೆ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಎಲೆಕ್ಟ್ರಿಕ್ ಕಾರಿದ್ದರೆ ಪ್ರತಿ ಸಲವೂ ಒಂದೇ ಚಾರ್ಜ್ ಮಟ್ಟದಿಂದ, ಉದಾಹರಣೆಗೆ ಶೇ. 85ರಿಂದ ಶುರು ಮಾಡಿ. ಚಾರ್ಜ್ ಇಳಿದಂತೆ ಅದರ ಗರಿಷ್ಠ ಶಕ್ತಿಯೂ ಇಳಿಯುತ್ತದೆ.

ಎಷ್ಟು ಸುತ್ತು? ಒಳ್ಳೆಯ ಹವ್ಯಾಸಿ ಚಾಲಕನ ಸುತ್ತುಗಳು ತಮ್ಮತಮ್ಮಲ್ಲೇ ಸರಾಸರಿಯಿಂದ 0.4 ಸೆಕೆಂಡಿನಷ್ಟು ಆಚೀಚೆ ಹೋಗುತ್ತವೆ ಎಂದಿಟ್ಟುಕೊಳ್ಳಿ. ಕಾರಿಗೆ ಐದು ಸ್ವಚ್ಛ ಸುತ್ತಿನ ಸರಾಸರಿ ತೆಗೆದರೂ ಎರಡು ಸರಾಸರಿಗಳ ಅಂತರದಲ್ಲಿ ಅರ್ಧ ಸೆಕೆಂಡಿನವರೆಗೆ ಆಕಸ್ಮಿಕವೇ ಇರಬಹುದು. ಅಂತರ 0.3 ಬಂದರೆ "ಸಮ" ಎಂದು ಬರೆಯಿರಿ. ಅದನ್ನು ಗೆಲುವು ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ, ತಡೆದುಕೊಳ್ಳಿ. ಅತ್ಯುತ್ತಮ ಸುತ್ತೊಂದನ್ನೇ ಹೇಳುವುದಾದರೆ ಎಷ್ಟು ಸುತ್ತಿನಲ್ಲಿ ಅತ್ಯುತ್ತಮ ಎಂದೂ ಹೇಳಿ. ಇಪ್ಪತ್ತು ಸುತ್ತು ಸಿಕ್ಕಿದ ಕಾರಿಗೂ ನಾಲ್ಕು ಸುತ್ತು ಸಿಕ್ಕಿದ ಕಾರಿಗೂ ಒಳ್ಳೆಯ ಒಂದು ಸುತ್ತು ಬೀಳುವ ಅವಕಾಶ ಸಮವಲ್ಲ.

ಸಭೆಯಿಂದ ಬಂದ ಎರಡು ಪ್ರಶ್ನೆ

"ಸರ್, ರಾತ್ರಿ ಹೊತ್ತು ಖಾಲಿ ಹೆದ್ದಾರಿಯಲ್ಲಿ ಫೋನ್ ಆ್ಯಪ್ ಹಾಕಿ ನೋಡಬಹುದಾ?" ಎಂದು ಒಬ್ಬರು ಕೇಳಿದರು. ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ವೇಗದ ಪರೀಕ್ಷೆ ಮಾಡುವುದು ಅಪರಾಧ. ರಸ್ತೆ ಖಾಲಿ ಎಂದು ನಮಗೆ ಅನ್ನಿಸಿದರೂ ಲೈಟಿಲ್ಲದ ಟ್ರ್ಯಾಕ್ಟರ್, ಅಡ್ಡ ದಾಟುವ ಜನ, ನಾಯಿ ಇರುತ್ತವೆ. 150ರಲ್ಲಿ ಕಾರು ಸೆಕೆಂಡಿಗೆ 42 ಮೀಟರ್ ಹೋಗುತ್ತದೆ. ಅಳತೆಯ ದೃಷ್ಟಿಯಿಂದಲೂ ಅದು ವ್ಯರ್ಥ. ಎಷ್ಟೋ ಫೋನುಗಳ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ವೇಗ ಕೊಡುತ್ತದೆ. ನಾಲ್ಕು ಸೆಕೆಂಡಿನ ಓಟದಲ್ಲಿ ನಾಲ್ಕು ಚುಕ್ಕೆ ಸಿಗುತ್ತವೆ, ನಡುವಿನದೆಲ್ಲ ಆ್ಯಪಿನ ಊಹೆ.

ಇನ್ನೊಬ್ಬರು ಕೇಳಿದ್ದು: "90ರ ದಶಕದ ಕಾರುಗಳ ಹಳೆಯ ಪತ್ರಿಕೆ ಪರೀಕ್ಷೆಗಳನ್ನು ಇಂದಿನ ಕಾರುಗಳ ಜೊತೆ ಹೇಗೆ ಹೋಲಿಸುವುದು?" 0-100 ಹೋಲಿಸಿದರೆ ಮೂವತ್ತು ವರ್ಷಗಳ ಟೈರು ಮತ್ತು ಲಾಂಚ್ ಕಂಟ್ರೋಲಿನ ಪ್ರಗತಿಯನ್ನೇ ಹೋಲಿಸಿದಂತೆ. ಆ ಪರೀಕ್ಷೆಯಲ್ಲಿ ಕಾಲು ಮೈಲಿಯ ಟ್ರ್ಯಾಪ್ ಸ್ಪೀಡ್ ಇದೆಯೇ ನೋಡಿ. ಇದ್ದರೆ, ಪತ್ರಿಕೆ ತೂಗಿ ಬರೆದ ತೂಕಕ್ಕೆ 75 ಕಿಲೋ ಚಾಲಕನನ್ನು ಸೇರಿಸಿ, ಟ್ರ್ಯಾಪ್ ಸ್ಪೀಡನ್ನು 289ರಿಂದ ಭಾಗಿಸಿ ಘನ ಮಾಡಿ, ಒಟ್ಟು ತೂಕದಿಂದ ಗುಣಿಸಿ. ಆ ದಿನ ಆ ಎಂಜಿನ್ ಸುಮಾರು ಎಷ್ಟು ಅಶ್ವಶಕ್ತಿ ಕೊಡುತ್ತಿತ್ತು ಎಂದು ಸಿಗುತ್ತದೆ. 280 ಪಿಎಸ್ ಎಂದು ಬರೆದ ಜಪಾನಿ ಕಾರುಗಳ ಮೇಲೆ ಈ ಲೆಕ್ಕ ಹಾಕಿ ನೋಡಿ.